ಸೊಂಟದ ಆಪರೇಷನ್ ಆದವರ ಚಳಿಗಾಲ: ಯಾವ ಕೆಲಸ ಮಾಡಬಹುದು, ಹೇಗೆ, ಯಾವಾಗ?

ದಾವಣಗೆರೆ, ಚಿತ್ರದುರ್ಗದ ಕಡೆ ಕಾರ್ತಿಕ ಮುಗಿಯುವ ಹೊತ್ತಿಗೆ ಮನೆಯ ಕೆಲಸ ಒಮ್ಮೆಗೇ ಜಾಸ್ತಿಯಾಗುತ್ತದೆ. ಮೆಕ್ಕೆಜೋಳ ಒಣಹಾಕಬೇಕು, ಭತ್ತ ಕೊಯ್ದು ಒಳಗೆ ತರಬೇಕು. ಚನ್ನಗಿರಿ, ಹೊಳಲ್ಕೆರೆಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವುದು, ಬೇಯಿಸುವುದು. ಚಳ್ಳಕೆರೆ ಕಡೆ ಶೇಂಗಾ. ಇದರ ಜೊತೆಗೆ ಬೆಳಗಿನ ಜಾವದ ಹಂಡೆ ಒಲೆ, ಧನುರ್ಮಾಸದ ಪೂಜೆ, ಸಂಕ್ರಾಂತಿಯ ತಯಾರಿ. ಇಂಥ ಹೊತ್ತಲ್ಲೇ ಮನೆಯಲ್ಲಿ ಒಬ್ಬರಿಗೆ ಸೊಂಟದ ಆಪರೇಷನ್ ಆಗಿದ್ದರೆ? ಅದೂ ಈ ಕೆಲಸವನ್ನೆಲ್ಲ ಇಷ್ಟು ವರ್ಷ ತಾವೇ ಹೊತ್ತಿದ್ದ ಅವ್ವನಿಗೋ, ಅತ್ತೆಗೋ ಆಗಿದ್ದರೆ?

ಆಸ್ಪತ್ರೆಯಿಂದ ಬರುವಾಗ "ಬಗ್ಗಬೇಡಿ, ಕೆಳಗೆ ಕೂರಬೇಡಿ, ಹುಷಾರು" ಅಂತ ಹೇಳಿ ಕಳಿಸುತ್ತಾರೆ. ಮಾತು ಸರಿಯೇ. ಆದರೆ ಯಾಕೆ ಬಗ್ಗಬಾರದು, ಎಷ್ಟು ಬಗ್ಗಿದರೆ ಅಪಾಯ, ಎಷ್ಟು ದಿನ ಹೀಗಿರಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಕಷ್ಟ. ಕೆಲವರು ಹೆದರಿ ಮಂಚ ಬಿಟ್ಟು ಏಳುವುದೇ ಇಲ್ಲ. ಇನ್ನು ಕೆಲವರು ನೋವು ಇಳಿದ ತಕ್ಷಣ ಎಲ್ಲಕ್ಕೂ ಕೈಹಾಕುತ್ತಾರೆ. ಎರಡರಿಂದಲೂ ತೊಂದರೆಯೇ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಹಿಮ ಬೀಳುವ ದೇಶಗಳವು. ಸಲಿಕೆಯಲ್ಲಿ ಹಿಮ ಎತ್ತಬೇಡಿ ಅಂತ ಅವರಿಗೆ ಹೇಳಬೇಕು, ನಮಗೆ ಅದರಿಂದ ಉಪಯೋಗವಿಲ್ಲ. ಡಿಸೆಂಬರ್, ಜನವರಿಯ ರಾತ್ರಿ ಇಲ್ಲಿ 15 ಡಿಗ್ರಿಯ ಆಸುಪಾಸು ಇರುತ್ತದೆ, ಅಷ್ಟೇ. ನಮ್ಮ ಕಷ್ಟ ಇರುವುದು ಬೇರೆ ಕಡೆ. ನಮ್ಮ ಚಳಿಗಾಲದ ಕೆಲಸಗಳು ಬಹುಪಾಲು ನೆಲದ ಮೇಲೆ ಕೂತು ಮಾಡುವಂಥವು, ಬೆಳಕು ಹರಿಯುವ ಮುಂಚೆಯೇ ಶುರುವಾಗುವಂಥವು.

ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟು: ಕೆಲಸ ಪೂರ್ತಿ ಬಿಡಿಸುವ ಮುಂಚೆ ಅದರ ಎತ್ತರವನ್ನೂ ಹೊತ್ತನ್ನೂ ಬದಲಾಯಿಸಿ ನೋಡಿ. ನೆಲದ ಕೆಲಸ ಮೇಜಿನ ಮೇಲೆ ಏರಲಿ. ನಸುಕಿನ ಕೆಲಸ ಬಿಸಿಲು ಬಂದ ಮೇಲೆ ನಡೆಯಲಿ. ಹಾಗೆ ಏರಿಸಲಾಗದ, ಮುಂದೂಡಲಾಗದ ಕೆಲಸ ಯಾವುದಿದೆಯೋ ಅದನ್ನು ಮೂರು ತಿಂಗಳು ಬೇರೆಯವರ ಕೈಗೆ ಕೊಡಿ.

ಮೊದಲು ಡಿಸ್ಚಾರ್ಜ್ ಕಾರ್ಡ್ ನೋಡಿ

ಸೊಂಟದ ಆಪರೇಷನ್ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಒಳಗೆ ಆಗಿರುವುದು ಎಲ್ಲರಿಗೂ ಒಂದೇ ಅಲ್ಲ. ತೊಡೆ ಎಲುಬಿನ ಮೇಲ್ತುದಿ ಗುಂಡಗಿದೆ. ಒರಳಲ್ಲಿ ಗುಂಡು ಕೂತ ಹಾಗೆ ಅದು ಸೊಂಟದ ಎಲುಬಿನ ಗುಳಿಯಲ್ಲಿ ಕೂತು ಎಲ್ಲ ಕಡೆ ತಿರುಗುತ್ತದೆ. ಕೀಲು ಸವೆದು ಗುಂಡನ್ನೂ ಗುಳಿಯನ್ನೂ ಎರಡನ್ನೂ ಬದಲಾಯಿಸಿದ್ದರೆ ಕಾರ್ಡ್‌ನಲ್ಲಿ ಟಿಎಚ್‌ಆರ್ ಅಂತ ಇರುತ್ತದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಸರ್ಜನ್ 1962ರಲ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಗುಳಿ ಜೋಡಿಸಿ ಗೆದ್ದ ದಾರಿಯೇ ಇಂದಿನ ಟಿಎಚ್‌ಆರ್‌ಗೆ ತಳಪಾಯ. ಬಿದ್ದು ಎಲುಬಿನ ಕುತ್ತಿಗೆ ಮುರಿದ ವಯಸ್ಸಾದವರಿಗೆ ಎಷ್ಟೋ ಸಲ ಗುಂಡನ್ನು ಮಾತ್ರ ಬದಲಾಯಿಸುತ್ತಾರೆ. ಅದಕ್ಕೆ ಹೆಮಿ, ಬೈಪೋಲಾರ್, ಇಲ್ಲವೇ ಆಸ್ಟಿನ್ ಮೂರ್ ಅಂತ ಬರೆದಿರುತ್ತಾರೆ. ಮುರಿತ ಇನ್ನೂ ಸ್ವಲ್ಪ ಕೆಳಗಿದ್ದರೆ ಕೀಲು ಬದಲಾಯಿಸುವುದಿಲ್ಲ. ರಾಡ್ ಅಥವಾ ಪ್ಲೇಟು, ಸ್ಕ್ರೂ ಹಾಕಿ ಎಲುಬು ಕೂಡಿಸುತ್ತಾರೆ. ಆಗ ಪಿಎಫ್‌ಎನ್ ಅಥವಾ ಡಿಎಚ್‌ಎಸ್ ಅಂತ ಇರುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಯಾವುದಕ್ಕೆ ಹೆದರಬೇಕು ಅನ್ನುವುದೇ ಬದಲಾಗುತ್ತದೆ.

ಕೀಲು ಬದಲಾಯಿಸಿದವರಿಗೆ ಇರುವ ದೊಡ್ಡ ಭಯ ಗುಂಡು ಜಾರಿ ಹೊರಬರುವುದು. ಬಹಳ ಕಡೆ ಕುಂಡಿಯ ಹಿಂಬದಿಯಿಂದ ಕೊಯ್ದು ಆಪರೇಷನ್ ಮಾಡುತ್ತಾರೆ. ಹಾಗೆ ಮಾಡುವಾಗ ಕೀಲಿನ ಹಿಂದೆ ಇರುವ ಪುಟ್ಟ ಸ್ನಾಯುಗಳನ್ನೂ ಕೀಲನ್ನು ಸುತ್ತಿರುವ ಚೀಲವನ್ನೂ ಬಿಡಿಸಿ, ಆಮೇಲೆ ಹೊಲಿಯುತ್ತಾರೆ. ಆ ಹಿಂಗೋಡೆ ಗಟ್ಟಿಯಾಗಲು ಆರರಿಂದ ಹನ್ನೆರಡು ವಾರ ಬೇಕು. ಅಷ್ಟರೊಳಗೆ ಕಾಲನ್ನು ತುಂಬಾ ಮಡಚಿ, ಒಳಕ್ಕೆ ತಿರುಗಿಸಿ, ಇನ್ನೊಂದು ಕಾಲಿನ ಮೇಲೆ ದಾಟಿಸಿದರೆ ಗುಂಡು ಹಿಂದಕ್ಕೆ ಮೀಟಿದಂತಾಗಿ ಹೊರಬರಬಹುದು. ಅದಕ್ಕೇ ಮೂರು ಮಾತು: ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಮಡಚಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ, ಪಾದ ಒಳಕ್ಕೆ ತಿರುಗಿಸಬೇಡಿ. ಮುಂಬದಿಯಿಂದ ಕೊಯ್ದಿದ್ದರೆ ನಿಯಮ ಬೇರೆ. ಆಗ ಕಾಲನ್ನು ಹಿಂದಕ್ಕೆ ಚಾಚಿ ಪಾದವನ್ನು ಹೊರಕ್ಕೆ ತಿರುಗಿಸುವುದು ಅಪಾಯ. ನಿಮ್ಮದು ಯಾವುದು ಅಂತ ಡಾಕ್ಟರನ್ನು ಕೇಳಿ ಕಾರ್ಡ್ ಮೇಲೆ ಬರೆಸಿಕೊಳ್ಳಿ.

ರಾಡ್ ಹಾಕಿದವರಿಗೆ ಗುಂಡು ಜಾರುವ ಭಯ ಇಲ್ಲ. ಅವರ ಚಿಂತೆ ಭಾರದ್ದು. ಮುರಿದ ಎಲುಬು ಕೂಡಲು ಸುಮಾರು ಮೂರು ತಿಂಗಳು ಬೇಕು. ಅಷ್ಟರವರೆಗೆ ಆ ಕಾಲಿಗೆ ಎಷ್ಟು ಭಾರ ಬಿಡಬಹುದು ಅನ್ನುವುದು ಮುರಿತದ ರೀತಿ, ಎಲುಬಿನ ಗಟ್ಟಿತನ ನೋಡಿ ತೀರ್ಮಾನವಾಗುತ್ತದೆ. ಕಾರ್ಡ್‌ನಲ್ಲಿ ಎಫ್‌ಡಬ್ಲ್ಯೂಬಿ ಅಂತ ಇದ್ದರೆ ಪೂರ್ತಿ ಭಾರ ಬಿಡಬಹುದು. ಪಿಡಬ್ಲ್ಯೂಬಿ ಅಂದರೆ ಸ್ವಲ್ಪ ಮಾತ್ರ. ಎನ್‌ಡಬ್ಲ್ಯೂಬಿ ಅಂದರೆ ಕಾಲು ಊರಲೇಬಾರದು. ಪಕ್ಕದ ಮನೆಯವರಿಗೆ ವಾರಕ್ಕೇ ನಡೆಸಿದರು ಅಂತ ನೀವೂ ನಡೆಯಲು ಹೋಗಬೇಡಿ. ಅವರದ್ದು ಬೇರೆ ಆಪರೇಷನ್ ಇರಬಹುದು, ಅಲ್ವಾ?

90 ಡಿಗ್ರಿ ಅಂದರೆ ನಮ್ಮ ಮನೆಯಲ್ಲಿ ಎಷ್ಟು?

ಗಟ್ಟಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಾಗ ತೊಡೆ ನೆಲಕ್ಕೆ ಸಮನಾಗಿದ್ದರೆ ಅದೇ 90. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂತು ಅಂದರೆ ಗೆರೆ ದಾಟಿದಿರಿ. ಮಣೆ ಮೇಲೆ ಕೂತರೆ, ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಅದು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಇನ್ನೊಂದು. ಎತ್ತರದ ಕುರ್ಚಿಯಲ್ಲೇ ಕೂತು, ಮುಂದೆ ಬಗ್ಗಿ ನೆಲದ ಮೇಲಿನ ಲೋಟ ಎತ್ತಿಕೊಂಡರೂ ಕೀಲಿನೊಳಗೆ ಅದೇ ಮಡಿಕೆ. ಮಲಗಿದ್ದಾಗ ಕಾಲ ಬಳಿ ಸರಿದ ಕಂಬಳಿ ಎಳೆದುಕೊಳ್ಳಲು ಎದ್ದು ಬಗ್ಗಿದರೂ ಅಷ್ಟೇ. ಚಳಿಗಾಲದಲ್ಲಿ ರಾತ್ರಿ ಇದು ಎಷ್ಟು ಸಲ ಆಗುತ್ತದೆ ಯೋಚಿಸಿ. ಕಂಬಳಿಯ ಮೇಲಂಚಿಗೆ ಒಂದು ಉದ್ದದ ಹಗ್ಗ ಹೊಲಿದು ತಲೆದಿಂಬಿನ ಹತ್ತಿರ ಕಟ್ಟಿಡಿ. ಹಗ್ಗ ಎಳೆದರೆ ಕಂಬಳಿ ಬರುತ್ತದೆ. ಚಳ್ಳಕೆರೆಯ ಉಣ್ಣೆ ಕಂಬಳಿ ಬೆಚ್ಚಗೇನೋ ಇರುತ್ತದೆ, ಆದರೆ ಭಾರ. ಕಾಲು ಆಡಿಸಲು ಕಷ್ಟವಾದರೆ ಎರಡು ಹಗುರ ಹೊದಿಕೆ ಹೊದೆಸಿ.

ಮನೆಯಲ್ಲಿ ಒಂದು ಕುರ್ಚಿಯನ್ನು ಇವರಿಗೇ ಅಂತ ಗೊತ್ತು ಮಾಡಿ. ಕೈ ಇರುವ, ಅಲುಗಾಡದ ಕುರ್ಚಿ. ಕೂತಾಗ ಮೊಣಕಾಲಿಗಿಂತ ಸೊಂಟ ಒಂದೆರಡು ಬೆರಳು ಮೇಲೇ ಇರಬೇಕು. ತಗ್ಗಿದ್ದರೆ ಗಟ್ಟಿ ದಿಂಬು ಹಾಕಿ. ಮೆತ್ತನೆ ಸೋಫಾ ಬೇಡ, ಅದರಲ್ಲಿ ಕೂತವರು ಒಳಕ್ಕೆ ಇಳಿದು ಹೋಗುತ್ತಾರೆ. ಮಂಚಕ್ಕೂ ಇದೇ ಲೆಕ್ಕ. ನೆಲದ ಹಾಸಿಗೆ ಈ ಚಳಿಗಾಲಕ್ಕಂತೂ ಬೇಡ.

ಲೋಹಕ್ಕೆ ಥಂಡಿ ಹಿಡಿಯುತ್ತದೆಯೇ?

"ಒಳಗೆ ರಾಡ್ ಐತಿ, ಥಂಡಿ ಹಿಡಿತೈತಿ" ಅನ್ನುವ ಮಾತು ನಮ್ಮ ಕಡೆ ತುಂಬಾ ಕೇಳಿಬರುತ್ತದೆ. ಲೋಹ ಇರುವುದು ಮಾಂಸದ ಒಳಗೆ. ಮೈಯೊಳಗಿನ ಬಿಸಿ ಎಷ್ಟೋ ಅದರ ಬಿಸಿಯೂ ಸುಮಾರು ಅಷ್ಟೇ, ಅಂದರೆ 37 ಡಿಗ್ರಿ. ಹೊರಗಿನ ಚಳಿ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾದರೆ ಬೆಳಗ್ಗೆ ಯಾಕೆ ಹಿಡಿದುಕೊಳ್ಳುತ್ತದೆ? ರಾತ್ರಿಯಿಡೀ ಆಡದೆ ಇದ್ದ ಸ್ನಾಯು ಬಿಗಿದಿರುತ್ತದೆ. ಚಳಿಗೆ ಮೈ ಮುದುಡಿಕೊಂಡು ಮಲಗಿದ್ದರೆ ಬಿಗಿತ ಇನ್ನೂ ಜಾಸ್ತಿ. ಇದಕ್ಕೆ ಮದ್ದು ಅಲುಗಾಡಿಸುವುದೇ. ಏಳುವ ಮುಂಚೆ ಹೊದಿಕೆಯ ಒಳಗೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ತೊಡೆ ಬಿಗಿಹಿಡಿದು ಬಿಡಿ. ಫಿಸಿಯೋ ಹೇಳಿಕೊಟ್ಟಿದ್ದರೆ ಹಿಮ್ಮಡಿಯನ್ನು ಹಾಸಿಗೆ ಮೇಲೆ ನಿಧಾನಕ್ಕೆ ಜಾರಿಸಿ. ಆಮೇಲೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ತಲೆ ಸುತ್ತುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ವಾಕರ್ ಹಿಡಿಯಿರಿ.

ಪಾದ ಆಡಿಸುವುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ. ಸೊಂಟದ ಆಪರೇಷನ್ ಆದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಮೀನಖಂಡದ ಸ್ನಾಯು ಆಡಿದಾಗಲೆಲ್ಲ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಇದೇ ಕಾರಣಕ್ಕೆ ಮೀನಖಂಡವನ್ನು ಬಿಸಿ ಎಣ್ಣೆ ಹಚ್ಚಿ ತೀಡಬಾರದು. ಒಳಗೆ ಹೆಪ್ಪು ಇದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಪ್ರೀತಿಯಿಂದ ಎಣ್ಣೆ ತೀಡಲು ಬರುವ ನೆಂಟರಿಗೆ ಇದನ್ನು ಬಿಡಿಸಿ ಹೇಳಿ, ಅವರಿಗೆ ಬೇಜಾರಾದರೂ ಪರವಾಗಿಲ್ಲ. ಬಿಸಿನೀರಿನ ಚೀಲವೂ ಹುಷಾರು. ಗಾಯದ ಸುತ್ತ ಚರ್ಮ ಕೆಲವು ತಿಂಗಳು ಜೋಮು ಹಿಡಿದಂತಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ.

ಚಳಿಗೆ ಮಂಚದ ಕೆಳಗೆ ಕೆಂಡ ಇಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪಬಹುದು. ಬೇಗ ಎದ್ದು ಓಡಲಾಗದವರ ಕೋಣೆಯಲ್ಲಿ ಬೆಂಕಿ ಇಡುವುದು ಯಾವ ರೀತಿಯಿಂದಲೂ ಸರಿಯಲ್ಲ. ಸ್ವೆಟರ್, ಸ್ಕಾರ್ಫ್, ಇನ್ನೊಂದು ಹೊದಿಕೆ ಸಾಕು. ಕಾಲುಚೀಲ ಹಾಕುವುದಾದರೆ ಬೇರೆಯವರು ಹಾಕಿಕೊಡಬೇಕು, ಅಡಿಗೆ ರಬ್ಬರ್ ಹಿಡಿತ ಇರುವಂಥದ್ದೇ ಇರಬೇಕು. ಬರೀ ನೂಲಿನ ಕಾಲುಚೀಲ ಗ್ರಾನೈಟ್ ನೆಲದ ಮೇಲೆ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ.

ಹಂಡೆ ಒಲೆ ಮತ್ತು ಬಚ್ಚಲು

ಚಳಿಗಾಲದ ಮೊದಲ ಕೆಲಸವೇ ನೀರು ಕಾಯಿಸುವುದು. ಹಂಡೆ ಒಲೆಯ ಬಾಯಿ ನೆಲದ ಮಟ್ಟದಲ್ಲಿರುತ್ತದೆ. ತೆಂಗಿನ ಗರಿ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಸೌದೆ ಏನೇ ತುರುಕಬೇಕಾದರೂ ಕುಕ್ಕರಗಾಲಲ್ಲಿ ಕೂರಲೇಬೇಕು. ಇದನ್ನು ಮೇಲಕ್ಕೆ ಏರಿಸುವ ದಾರಿ ಇಲ್ಲ. ಆದ್ದರಿಂದ ಇದು ಬೇರೆಯವರ ಕೆಲಸ, ಇದರಲ್ಲಿ ಚರ್ಚೆ ಬೇಡ. ಹೊಗೆಯಿಂದಲೂ ದೂರ ಇರಲಿ. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟುವ ಹಿರಿಯರಿಗೆ ಚಳಿಗಾಲದ ನ್ಯುಮೋನಿಯಾ ಸಣ್ಣ ಕಾಯಿಲೆಯಲ್ಲ.

ಕಾದ ನೀರು ಹೊರುವುದು ಇನ್ನೊಂದು ವಿಷಯ. ವಾಕರ್ ಹಿಡಿದವರ ಎರಡೂ ಕೈ ಅದರ ಮೇಲೇ ಇರುತ್ತವೆ. ಬಕೆಟ್ ಇರಲಿ, ಒಂದು ಚಹಾ ಲೋಟವನ್ನೂ ಹಿಡಿದು ನಡೆಯಲಾಗದು. ಮನೆಯವರು ಇದನ್ನು ಮರೆತು "ಒಂದು ಲೋಟ ಒಳಗೆ ಇಟ್ಟು ಬಾ" ಅಂದುಬಿಡುತ್ತಾರೆ. ಅವರು ಒಂದು ಕೈ ವಾಕರ್‌ನಿಂದ ತೆಗೆಯುತ್ತಾರೆ, ಅಲ್ಲೇ ಬೀಳುತ್ತಾರೆ. ವಾಕರ್‌ನ ಮುಂದಿನ ಸರಳಿಗೆ ಒಂದು ಬಟ್ಟೆ ಚೀಲ ಕಟ್ಟಿ. ಫೋನು, ಮಾತ್ರೆ, ಮುಚ್ಚಳ ಇರುವ ನೀರಿನ ಬಾಟಲಿ ಅದರಲ್ಲಿರಲಿ. ಅದಕ್ಕಿಂತ ಭಾರ ಬೇಡ, ವಾಕರ್ ಮುಂದಕ್ಕೆ ಮಗುಚುತ್ತದೆ.

ಸ್ನಾನಕ್ಕೆ ಬಚ್ಚಲಿನ ಕಲ್ಲಾಗಲಿ ಮಣೆಯಾಗಲಿ ಬೇಡ. ಕೈ ಇರುವ, ಕಾಲಿಗೆ ರಬ್ಬರ್ ಬುಡ ಇರುವ ಗಟ್ಟಿ ಕುರ್ಚಿ ಹಾಕಿ. ಬಕೆಟ್ಟನ್ನೂ ಒಂದು ಸ್ಟೂಲಿನ ಮೇಲೆ ಇಡಿ. ಇಲ್ಲದಿದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕಾಗುತ್ತದೆ. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಗಾಯಕ್ಕೆ ನೀರು ಬೀಳಬಹುದು ಅಂತ ಡಾಕ್ಟರ್ ಹೇಳುವವರೆಗೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು. ಕಾಲು ಉಜ್ಜಲು ಉದ್ದ ಹಿಡಿಯ ಬ್ರಷ್ಷು, ಇಲ್ಲವೇ ಕೋಲಿಗೆ ಕಟ್ಟಿದ ಸ್ಪಂಜು. ಮತ್ತೆ ಹೊತ್ತು! ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ 6.50ರ ಹೊತ್ತಿಗೆ. ನಸುಕಲ್ಲಿ ಒದ್ದೆ ಬಚ್ಚಲಿಗೆ ಯಾಕೆ ಹೋಗಬೇಕು? ಹತ್ತು ಗಂಟೆಯ ಸ್ನಾನಕ್ಕೆ ದೇವರು ಬೇಡ ಅನ್ನುವುದಿಲ್ಲ. ಮಡಿ, ಪೂಜೆ ಅಂತ ಅವ್ವ ಹಟ ಹಿಡಿದರೆ ಪೂಜೆಯನ್ನೇ ಹತ್ತಕ್ಕೆ ಇಟ್ಟುಕೊಳ್ಳಿ.

ಶೌಚಕ್ಕೆ ಕಮೋಡ್ ಬೇಕೇ ಬೇಕು. ಮನೆಯಲ್ಲಿ ಕೆಳಗೆ ಕೂರುವ ಪಾಯಖಾನೆ ಮಾತ್ರ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕಮೋಡ್ ಇದ್ದೂ ತಗ್ಗಾಗಿದ್ದರೆ ಎತ್ತರಿಸುವ ಸೀಟು ಬರುತ್ತದೆ.

ಕೂತು ಮಾಡುವ ಕೆಲಸಗಳು

"ಸುಮ್ನೆ ಕೂತ್ಕೊ ಅಂದ್ರೆ ಹೆಂಗವ್ವಾ, ಕೈ ಸುಮ್ನೆ ಇರಲ್ಲ" ಅನ್ನುವವರೇ ನಮ್ಮಲ್ಲಿ ಜಾಸ್ತಿ. ಅವರ ಮಾತನ್ನು ತಳ್ಳಿಹಾಕಬೇಡಿ. ಸುಮ್ಮನೆ ಬಿದ್ದುಕೊಂಡವರು ಬೇಗ ಕುಗ್ಗುತ್ತಾರೆ, ಊಟ ಬಿಡುತ್ತಾರೆ, ನಡೆಯಲು ಬೇಸರಪಡುತ್ತಾರೆ. ಚಳಿಗಾಲದ ಒಂದು ಒಳ್ಳೆಯತನ ಎಂದರೆ ಕೈಕೆಲಸ ಬೇಕಾದಷ್ಟಿರುತ್ತದೆ. ಹಸಿ ತೊಗರಿ ಕಾಯಿ, ಅವರೆಕಾಯಿ ಬಿಡಿಸುವುದು, ಶೇಂಗಾ ಸುಲಿಯುವುದು, ಎಳ್ಳು ಹಸನು ಮಾಡುವುದು, ಸಂಕ್ರಾಂತಿಗೆ ಕೊಬ್ಬರಿ ಬೆಲ್ಲ ಹೆಚ್ಚುವುದು. ಎಲ್ಲವನ್ನೂ ಮೇಜಿನ ಮೇಲೆ ಮಾಡಬಹುದು. ಮೊರವನ್ನು ಮೇಜಿನ ಮೇಲಿಡಿ. ಸಿಪ್ಪೆ ಹಾಕುವ ಬುಟ್ಟಿಯನ್ನೂ ಮೇಜಿನ ಎತ್ತರಕ್ಕೇ ಇಡಿ. ಬುಟ್ಟಿ ನೆಲದ ಮೇಲಿದ್ದರೆ ಮೇಜಿನ ಉಪಯೋಗವೇ ಇಲ್ಲ.

ಕೂತಲ್ಲೇ ಕೂರುವುದೂ ಒಳ್ಳೆಯದಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಪಡಸಾಲೆಯಲ್ಲಿ ಒಂದು ಸುತ್ತು ನಡೆಯಬೇಕು. ಕಾಲು ಊದಿಕೊಂಡರೆ ಮಂಚದ ಮೇಲೆ ಮಲಗಿ ಕಾಲಡಿ ದಿಂಬು ಇಡಿ. ಅಡಿಕೆ ಸುಲಿಯುವುದನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಮೆಟ್ಟುಗತ್ತಿಯ ಮುಂದೆ ತಗ್ಗಿನಲ್ಲಿ, ಮುಂದಕ್ಕೆ ಬಾಗಿ, ಗಂಟೆಗಟ್ಟಲೆ ಕೂರುವ ಕೆಲಸ ಅದು. ಈ ಹಂಗಾಮಿಗೆ ಲೆಕ್ಕ ಬರೆಯುವುದು, ಆಳುಗಳ ಕೂಲಿ ನೋಡಿಕೊಳ್ಳುವುದು ಅವರ ಕಡೆ ಇರಲಿ.

ರೊಟ್ಟಿಗೆ ಬೇರೆ ಲೆಕ್ಕ. ಜೋಳದ ರೊಟ್ಟಿಯಾಗಲಿ, ಚಳಿಗೆ ಮಾಡುವ ಸಜ್ಜೆ ರೊಟ್ಟಿಯಾಗಲಿ, ತಟ್ಟುವ ಕೆಲಸಕ್ಕೆ ತೋಳು, ಭುಜ, ಬೆನ್ನಿನ ಬಲ ಬೇಕು. ನಿಂತು ತಟ್ಟಿದರೆ ಭಾರ ಎರಡೂ ಕಾಲಿಗೆ ಬೀಳುತ್ತದೆ. ನಡೆಯಲು ಕೋಲು ಸಾಕು ಅನ್ನುವ ಹಂತಕ್ಕೆ ಬರುವವರೆಗೆ ಇದು ಬೇಡ. ಆಮೇಲೂ ಎರಡು ಮೂರು ರೊಟ್ಟಿಗೆ ನಿಲ್ಲಿಸಿ, ಉಳಿದದ್ದು ಸೊಸೆಯೋ ಮಗನೋ ತಟ್ಟಲಿ. ಅಡುಗೆಮನೆಯಲ್ಲಿ ದಿನಾ ಬೇಕಾಗುವ ಡಬ್ಬಿ, ಪಾತ್ರೆಗಳನ್ನು ಸೊಂಟದಿಂದ ಭುಜದವರೆಗಿನ ಎತ್ತರಕ್ಕೆ ತಂದಿಡಿ. ಕಟ್ಟೆ ಕೆಳಗಿನ ಗೂಡಿಗೆ ಅವರು ಕೈಹಾಕುವ ಪ್ರಸಂಗವೇ ಬರಬಾರದು. ಬಿದ್ದ ಸೌಟು, ಬಟ್ಟೆ ಎತ್ತಲು ಉದ್ದದ ಇಕ್ಕಳ ಇದ್ದರೆ ಒಳ್ಳೆಯದು.

ನೀರಿನ ಕೊಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಕಾಲ ಮೇಲೆ ನಿಂತಾಗ ಆ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆ, ಮೂರು ಪಟ್ಟು. ಯಾಕೆಂದರೆ ಮೈ ಒಂದು ಕಡೆ ವಾಲದಂತೆ ಪಕ್ಕದ ಸ್ನಾಯು ಜೋರಾಗಿ ಎಳೆದು ಹಿಡಿಯಬೇಕು. ಆ ಎಳೆತವೂ ಕೀಲಿನ ಮೇಲೇ ಬೀಳುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ನಾವು ಒಂಟಿ ಕಾಲಿನ ಮೇಲೇ ಇರುತ್ತೇವೆ. ಈಗ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡರೆ ಏನಾಗುತ್ತದೆ ಯೋಚಿಸಿ. ನಲ್ಲಿ ನೀರು ಬಂದ ದಿನ ಕೊಡ ತುಂಬುವ, ಡ್ರಮ್ಮಿಗೆ ಸುರಿಯುವ ಕೆಲಸ ಮೂರು ತಿಂಗಳು ಪೂರ್ತಿ ಬಂದ್. ಕೋಲು ಹಿಡಿಯುವುದು ಆಪರೇಷನ್ ಆಗದ ಕಡೆಯ ಕೈಯಲ್ಲಿ ಅನ್ನುವುದಕ್ಕೂ ಕಾರಣ ಇದೇ. ಆ ಕೈ ಒತ್ತಿದಷ್ಟೂ ಈ ಕಡೆಯ ಸ್ನಾಯುವಿನ ಕೆಲಸ ಕಡಿಮೆ. ಮುಂದೆ ಹಗುರ ಚೀಲ ಹಿಡಿಯುವ ಕಾಲ ಬಂದಾಗ ಅದು ಆಪರೇಷನ್ ಆದ ಕಡೆಯ ಕೈಯಲ್ಲಿರಲಿ. ಕೇಳಲು ಉಲ್ಟಾ ಅನಿಸುತ್ತದೆ, ಆದರೆ ಕೀಲಿಗೆ ಅದೇ ಹಗುರ.

ಅಂಗಳ, ಕೊಟ್ಟಿಗೆ, ಹಬ್ಬ

ಅಂಗಳಕ್ಕೆ ಸಗಣಿ ನೀರು ಹಾಕುವುದು, ರಂಗೋಲಿ ಬಿಡುವುದು ಎರಡೂ ಬಗ್ಗುವ ಕೆಲಸ. ಬೇಡ. ಹೊರಗೆ ಕಾಲಿಡುವ ಮುಂಚೆ ನೆಲ ನೋಡಿ. ಬೆಳಗಿನ ಇಬ್ಬನಿಗೆ ಕಡಪ ಕಲ್ಲು ಒದ್ದೆಯಾಗಿರುತ್ತದೆ. ಈ ಕಾಲದಲ್ಲಿ ಅಂಗಳ, ರಸ್ತೆ ಎಲ್ಲ ಕಡೆ ಮೆಕ್ಕೆಜೋಳ ಹರವಿರುತ್ತಾರೆ. ಒಂದು ಹಿಡಿ ಕಾಳು ವಾಕರ್‌ನ ಕಾಲಡಿ ಸಿಕ್ಕರೂ ಜಾರುತ್ತದೆ. ಬಿಸಿಲೇರಿ, ಗುಡಿಸಿದ ಮೇಲೆ ಓಡಾಡಲಿ. ಹೊಸ್ತಿಲಿನ ಬಳಿ ಹಾಕಿರುವ ಗೋಣಿ ತಾಟು, ಮಡಿಚಿದ ಜಮಖಾನೆ ಎತ್ತಿಬಿಡಿ.

ಚಿತ್ರದುರ್ಗದ ಹಳೇ ಬೀದಿಗಳ ಮನೆಗಳಲ್ಲಿ ಮೆಟ್ಟಿಲು, ಎತ್ತರದ ಹೊಸ್ತಿಲು ಜಾಸ್ತಿ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೈಯನ್ನು ಮೇಲಕ್ಕೆ ಎತ್ತುವ, ನಿಧಾನಕ್ಕೆ ಕೆಳಗಿಳಿಸುವ ಭಾರದ ಕೆಲಸ ಎರಡು ಸಲವೂ ಒಳ್ಳೆ ಕಾಲಿಗೇ ಬರುತ್ತದೆ, ಅದಕ್ಕೇ ಈ ಕ್ರಮ. ತಿರುಗುವಾಗ ಕಾಲು ಊರಿ ಮೈ ಮಾತ್ರ ತಿರುಗಿಸಬೇಡಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ತಿರುಗಿ.

ಹಾಲು ಕರೆಯುವುದು ಸದ್ಯಕ್ಕೆ ಬೇಡವೇ ಬೇಡ. ಕುಕ್ಕರಗಾಲು ಒಂದು ಕಡೆ, ಒದ್ದೆ ಕೊಟ್ಟಿಗೆ ಇನ್ನೊಂದು ಕಡೆ. ಎಮ್ಮೆ ಪ್ರೀತಿಯಿಂದ ಒಮ್ಮೆ ತಲೆ ತೂಗಿದರೂ ವಾಕರ್ ಹಿಡಿದವರು ನಿಲ್ಲಲಾರರು. ಭದ್ರಾ ನಾಲೆಯ ನೀರು ಬಿಟ್ಟು ಜನವರಿಯಲ್ಲಿ ನಾಟಿ ಶುರುವಾದರೆ ಗದ್ದೆ ಬದುವಿನ ಮೇಲೂ ಹೋಗಬೇಡಿ.

ಹಬ್ಬ ಬಿಡಬೇಕಾಗಿಲ್ಲ. ದೇವರನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಪೂಜೆ ಮಾಡಬಹುದು. ಸಾಷ್ಟಾಂಗ ಬೇಡ, ಕೈಮುಗಿದರೆ ಸಾಕು. ಸಂಕ್ರಾಂತಿಗೆ ಹರಿಹರದ ಹೊಳೆ ಸ್ನಾನ ಈ ವರ್ಷ ಬೇಡ, ಪಾಚಿ ಕಟ್ಟಿದ ಮೆಟ್ಟಿಲು ಯಾರನ್ನೂ ಬಿಡುವುದಿಲ್ಲ. ಎಳ್ಳು ಬೀರಲು ಅವರೇ ಮನೆಮನೆಗೆ ಹೋಗುವ ಬದಲು ಅಕ್ಕಪಕ್ಕದವರು ಇವರಲ್ಲಿಗೆ ಬರಲಿ.

ಡಾಕ್ಟರ್ ಹತ್ತಿರ ಹೋಗಿಬರಲು ಬೈಕು ಬೇಡ. ಹೆಂಗಸರು ಒಂದೇ ಬದಿಗೆ ಕಾಲು ಹಾಕಿ ಕೂರುವ ಭಂಗಿಯಲ್ಲಿ ಸೊಂಟ ತಿರುಚಿಕೊಳ್ಳುತ್ತದೆ. ಬಸ್ಸಿನ ಮೆಟ್ಟಿಲು ಎತ್ತರ, ಆಟೋದೊಳಗೆ ಜಾಗ ಇಕ್ಕಟ್ಟು. ಕಾರಿನ ಮುಂದಿನ ಸೀಟು ಹಿಂದಕ್ಕೆ ಸರಿಸಿ, ದಿಂಬು ಹಾಕಿ, ಮೊದಲು ಕುಂಡಿ ಊರಿ ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಳ್ಳಬೇಕು. ಬೆನ್ನು ಹಿಂದಕ್ಕೆ ಒರಗಿರಲಿ.

ರಾತ್ರಿ, ನೀರು, ಊಟ

ಚಳಿಗೆ ಬಾಯಾರಿಕೆ ಕಡಿಮೆ. ಜೊತೆಗೆ ರಾತ್ರಿ ಏಳಬೇಕಾಗುತ್ತದೆ ಅಂತ ಬೇಕೆಂದೇ ನೀರು ಕುಡಿಯದವರಿದ್ದಾರೆ. ನೀರು ಕಡಿಮೆಯಾದರೆ ಮಲ ಕಟ್ಟುತ್ತದೆ, ಉರಿಮೂತ್ರ ಬರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಏರುತ್ತದೆ. ಹಗಲಲ್ಲಿ ಬಿಸಿನೀರು, ಸಾರು, ಗಂಜಿ ಜಾಸ್ತಿ ಕೊಡಿ, ಸಂಜೆ ಮೇಲೆ ಕಡಿಮೆ ಮಾಡಿ. ರಾತ್ರಿಗೆ ಕಮೋಡ್ ಕುರ್ಚಿ ಮಂಚದ ಪಕ್ಕದಲ್ಲೇ ಇರಲಿ, ಸಣ್ಣ ದೀಪ ಉರಿಯುತ್ತಿರಲಿ. ನಿದ್ದೆಗಣ್ಣಲ್ಲಿ, ಕತ್ತಲಲ್ಲಿ, ಕಂಬಳಿ ಕಾಲಿಗೆ ತೊಡರಿ ಮತ್ತೆ ಬಿದ್ದರೆ ಇಷ್ಟು ದಿನ ಪಟ್ಟ ಪಾಡೆಲ್ಲ ವ್ಯರ್ಥ. ಪಕ್ಕಕ್ಕೆ ಮಲಗುವಾಗ ಎರಡು ಕಾಲ ನಡುವೆ ದಿಂಬು ಇರಬೇಕು.

ಮೊಸರು, ಬಾಳೆಹಣ್ಣು ಶೀತ ಅಂತ ನಿಲ್ಲಿಸಬೇಡಿ. ಗಾಯ ಮಾಯಲು, ಎಲುಬು ಕೂಡಲು ಪ್ರೋಟೀನ್ ಬೇಕು. ಮೊಸರು, ಬೇಳೆಕಾಳು, ಶೇಂಗಾ, ತಿನ್ನುವವರಿಗೆ ಮೊಟ್ಟೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಸಿಲಿಗೂ ಕೂರಿಸಿ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಎಳೆಬಿಸಿಲಿನಲ್ಲಿ ಅಲ್ಲ, 11 ಗಂಟೆಯ ಮೇಲಿನ ಬಿಸಿಲಿನಲ್ಲಿ.

ಇನ್ನೊಂದು ಮಾತು. ನೆಗಡಿ, ಮೈಕೈ ನೋವು ಅಂತ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಕೆಲವು ನೋವಿನ ಮಾತ್ರೆಗಳು ಸೇರಿ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು.

ಯಾವಾಗ ಓಡಬೇಕು

ಒಮ್ಮೆಗೇ ಜೋರು ನೋವು ಬಂದು, ಕಾಲು ಗಿಡ್ಡವಾದಂತೆ, ಒಳಕ್ಕೋ ಹೊರಕ್ಕೋ ತಿರುಗಿದಂತೆ ಕಂಡರೆ ಗುಂಡು ಜಾರಿರಬಹುದು, ಇಲ್ಲವೇ ಮತ್ತೆ ಎಲುಬು ಮುರಿದಿರಬಹುದು. ಎಳೆಯಬೇಡಿ, ತೀಡಬೇಡಿ, ಎಲುಬು ಕಟ್ಟುವವರನ್ನು ಕರೆಸಬೇಡಿ. ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಅದೇ ದಿನ ತೋರಿಸಿ. ಉಸಿರು ಕಟ್ಟಿದರೆ, ಎದೆ ಹಿಡಿದರೆ ಒಂದು ನಿಮಿಷವೂ ಕಾಯಬೇಡಿ.

ಚಳಿಗಾಲದಲ್ಲಿ ಬಹಳ ಸಲ ತಪ್ಪಿಹೋಗುವುದು ಸೋಂಕಿನ ಗುರುತು. ಮೈ ನಡುಗುತ್ತಿದೆ ಅಂದರೆ "ಚಳಿ ಅಲ್ವಾ" ಅಂತ ಇನ್ನೊಂದು ಕಂಬಳಿ ಹೊದೆಸಿಬಿಡುತ್ತಾರೆ. ನಡುಕ ಬಂದಾಗಲೆಲ್ಲ ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ, ಗಾಯ ಕೆಂಪಾಗಿ ಬಿಸಿಯಾಗಿದ್ದರೆ, ರಸಿಕೆ ಬರುತ್ತಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ. ಲೋಹಕ್ಕೆ ಸೋಂಕು ತಗುಲಿದರೆ ಆ ಸೋಂಕನ್ನು ವಾಸಿಮಾಡುವುದು ಬಹಳ ಕಷ್ಟ. ದಾರಿಯಲ್ಲಿ ಸಿಕ್ಕ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾಗಬೇಡಿ.

ಎಷ್ಟು ದಿನ?

ಕೀಲು ಬದಲಾಯಿಸಿದ ಬಹಳ ಮಂದಿ ನಾಲ್ಕರಿಂದ ಆರು ವಾರಕ್ಕೆ ವಾಕರ್ ಬಿಟ್ಟು ಕೋಲಿಗೆ ಬರುತ್ತಾರೆ. ವಯಸ್ಸಾಗಿದ್ದರೆ, ಮುರಿತ ಇದ್ದರೆ ಇನ್ನೂ ತಡ. ಊತ, ಬಿಗಿತ ಆರು ತಿಂಗಳವರೆಗೂ ಬಂದು ಹೋಗಬಹುದು. ಮನೆಗೆಲಸ ಮಾಡಿದೆ ಅಂತ ವ್ಯಾಯಾಮ ಬಿಡಬೇಡಿ. ಅವರೆಕಾಯಿ ಬಿಡಿಸಿದರೆ ಬೆರಳಿಗೆ ಕೆಲಸ ಸಿಗುತ್ತದೆ, ಕುಂಡಿಯ ಸ್ನಾಯುವಿಗೆ ಸಿಗುವುದಿಲ್ಲ.

ಮೂರು ತಿಂಗಳಿಗೆ ಎಕ್ಸ್‌ರೇ ತೆಗೆಸಿ ತೋರಿಸಲು ಹೋದಾಗ "ಇನ್ನು ಕೆಲಸ ಮಾಡಬಹುದಾ ಸರ್?" ಅಂತ ಕೇಳಿದರೆ "ನಿಧಾನಕ್ಕೆ ಮಾಡಿ" ಅಂತ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯದು. ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗಿ, ಒಂದೊಂದೇ ಕೇಳಿ. ಹಾಲು ಕರೆಯಲು ತಗ್ಗಿನ ಸ್ಟೂಲಿನ ಮೇಲೆ ಕೂರಬಹುದಾ? ಅರ್ಧ ಕೊಡ ನೀರು ಎತ್ತಬಹುದಾ? ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು ಈ ಕೀಲಿಗೆ ಎಂದಾದರೂ ಆಗುತ್ತದಾ, ಇಲ್ಲ ಶಾಶ್ವತವಾಗಿ ಬಿಡಬೇಕಾ? ಬೈಕಿನ ಹಿಂದೆ ಕೂರುವುದು ಯಾವಾಗ? ಒಂದೊಂದಕ್ಕೂ ಹೌದು, ಇಲ್ಲ, ಇಷ್ಟು ವಾರ ಬಿಟ್ಟು ಅಂತ ಚೀಟಿಯ ಮೇಲೇ ಬರೆಸಿಕೊಂಡು ಬಂದು, ಅಡುಗೆಮನೆಯ ಗೋಡೆಗೆ ಅಂಟಿಸಿ.